ಆಂದೋಲನವೋ, ಕಂಪನವೋ, ತೊನೆತವೋ?

ಗೆಳೆಯರೇ,

ಫೆರ್ರಿಕಾಂತ ಅನ್ನೋ ಒಂದು ಬಗೆಯ ಅಯಸ್ಕಾಂತಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಾ ಒಂದು ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ.

ಇಟ್ರಿಯಂ ಕಬ್ಬಿಣ ಗಾರ್ನೆಟ್ ಅಂತ ಒಂದು ಹರಳು. ಅದರ ಸೂತ್ರದಲ್ಲಿ 5 ಕಬ್ಬಿಣದ ಪರಮಾಣುಗಳು, ಒಂದೊಂದೂ ಪುಟ್ಟ ಅಯಸ್ಕಾಂತ. ಮೂರು ಒಂದು ಕಡೆ ಮುಖ ಮಾಡಿದರೆ ಎರಡು ಅವಕ್ಕೆ ಎದುರು. ಹಗ್ಗಜಗ್ಗಾಟದ ಹಾಗೆ. ಕೊನೆಗೆ ಒಂದರ ಬಲ ಉಳಿಯುತ್ತದೆ. ಇಂಥವನ್ನು ಫೆರ್ರಿ ಅಂತ ಬೇರೆ ಮಾಡಿದ್ದು ಫ್ರೆಂಚ್ ಭೌತವಿಜ್ಞಾನಿ ಲೂಯಿ ನೀಲ್, 1948ರಲ್ಲಿ. ನಮ್ಮ ಹಳೆಯ ಸೂಜಿಗಲ್ಲೂ ಇದೇ ಜಾತಿಯದು. (ಎಲ್ಲವೂ ಒಂದೇ ಕಡೆ ಮುಖ ಮಾಡಿದರೆ ಅದು ಫೆರ್ರೋ. ಫೆರ್ರೋಗೂ ಫೆರ್ರಿಗೂ ಒಂದು ಗುಡಿಸಿನ ಅಂತರ. ನನ್ನ ಕರಡಿನಲ್ಲೇ ನಾಲ್ಕು ಕಡೆ ತಪ್ಪಿದೆ!)

ಇಂಥ ಹರಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವಾಗ ಪ್ರತಿ ಪರಮಾಣುವಿಗೂ ಅದರ ಕಾಂತದ ದಿಕ್ಕು ತೋರಿಸುವ ಒಂದು ಬಾಣ ಇಡುತ್ತಾರೆ. ಅಕ್ಕಪಕ್ಕದ ಬಾಣಗಳ ಸೆಳೆತ, ಬಿಸಿಯಿಂದಾಗುವ ಕುಲುಕಾಟ ಎಲ್ಲ ಲೆಕ್ಕಕ್ಕೆ ಹಿಡಿದು, ಬಾಣ ಹೇಗೆ ಅಲ್ಲಾಡುತ್ತದೆ ಅಂತ ನೋಡುತ್ತಾರೆ. ಈ ಅಲ್ಲಾಟಕ್ಕೆ ಏನನ್ನೋಣ?

ಪಠ್ಯದ ಪದ 'ಆಂದೋಲನ'. 'ಕಾಂತೀಯ ಆಂದೋಲನ' ಅಂತ ಬರೆದು ತಂಗಿಗೆ ಓದಿಸಿದೆ. "ಯಾರ ವಿರುದ್ಧ?" ಅಂದಳು. 'ಕಂಪನ' ಅಂದರೆ ಪರಮಾಣುವೇ ನಡುಗಿದಂತಾಗುತ್ತದೆ. ಅದು ಬೇರೆ ಸಂಗತಿ, ಅದಕ್ಕೆ ಫೋನಾನ್ ಅನ್ನೋ ಹೆಸರಿದೆ. ಇಲ್ಲಿ ತಿರುಗುವುದು ಕಾಂತದ ದಿಕ್ಕು.

ನನಗೆ ಹೊಳೆದದ್ದು 'ತೊನೆತ'. ಗಾಳಿಗೆ ಭತ್ತದ ಪೈರು ತೊನೆಯುವಾಗ ಬುಡ ಕದಲುವುದಿಲ್ಲ. ತೆನೆ ಬಾಗಿ ಏಳುತ್ತದೆ, ಅಲೆ ಮಾತ್ರ ಈ ಬದುವಿನಿಂದ ಆ ಬದುವಿಗೆ ಹೋಗುತ್ತದೆ. ಸ್ಪಿನ್ ಅಲೆಯೂ (ಬಾಣದಿಂದ ಬಾಣಕ್ಕೆ ದಾಟುತ್ತಾ ಹೋಗುವ ಅಲ್ಲಾಟ) ಹೀಗೇ ಅಲ್ವಾ?

ಆದರೆ ತೊನೆಯುವುದು ಅತ್ತಿತ್ತ. ಬಾಣದ ತುದಿ ಸುತ್ತು ಬರುತ್ತದೆ, ಅದೂ ಸೆಕೆಂಡಿಗೆ ನೂರಾರು ಕೋಟಿ ಸಲ. ವೇಗ ಹೋಗಲಿ ಬಿಡಿ, ಸುತ್ತುವ ದಿಕ್ಕಿನದೇ ದೊಡ್ಡ ತೊಡಕು. ಫೆರ್ರಿಕಾಂತದಲ್ಲಿ ಕೆಲವು ಅಲೆಗಳಲ್ಲಿ ಬಾಣಗಳು ಬಲಕ್ಕೆ ಸುತ್ತುತ್ತವೆ, ಕೆಲವದರಲ್ಲಿ ಎಡಕ್ಕೆ. 'ಎಡ ತೊನೆತ' ಅಂತ ಬರೆದರೆ ಓದುವವರು ಎಡಕ್ಕೆ ವಾಲಿತು ಅಂತಲೇ ತಿಳಿಯುತ್ತಾರೆ. ಹಾಗಾಗಿ ಅಲೆಗೆ ತೊನೆತ ಇರಲಿ, ಒಂಟಿ ಬಾಣಕ್ಕೆ ಬೇರೆ ಪದ ಬೇಕು ಅನಿಸುತ್ತಿದೆ.

ಬುಗುರಿ ವೇಗ ಕಳೆದುಕೊಂಡಾಗ ನೆಟ್ಟಗೆ ನಿಲ್ಲಲಾರದೆ ತಲೆ ಸುತ್ತಿಸುತ್ತದಲ್ಲ, ಬೇಕಾದದ್ದು ಸರಿಯಾಗಿ ಅದೇ ಆಟ. ನಾವು ಚಿಕ್ಕವರಿದ್ದಾಗ ಸುಮ್ನೆ 'ಓಲಾಡ್ತಿದೆ' ಅಂತಿದ್ವಿ. ನಿಮ್ಮ ಕಡೆ ಇದಕ್ಕೇ ಅಂತ ಬೇರೆ ಮಾತಿದೆಯಾ?