ಹೃದಯಕ್ಕೆ ‘ದುರಸ್ತಿ’ಯೋ ‘ತೇಪೆ’ಯೋ?

ಬಲ್ಲವರಲ್ಲಿ ಒಂದು ವಿಚಾರಣೆ. ಬಳ್ಳಾರಿ ಸುತ್ತಮುತ್ತಲ ಹೃದ್ರೋಗಿಗಳ ಮನೆಯವರಿಗಾಗಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಹೃದಯಾಘಾತವಾದ ಕೆಲವೇ ದಿನಗಳಲ್ಲಿ, ಅಪರೂಪಕ್ಕೆ, ಎಡ ಮತ್ತು ಬಲ ಹೃತ್ಕುಕ್ಷಿಗಳ (ಹೃದಯದ ಕೆಳಗಿನ ಎರಡು ಕೋಣೆಗಳ) ನಡುವಿನ ಗೋಡೆ ಹರಿದು ತೂತು ಬೀಳುತ್ತದೆ. ರಕ್ತ ಎಡದಿಂದ ಬಲಕ್ಕೆ ನುಗ್ಗತೊಡಗುತ್ತದೆ. ಡೇಕ್ರಾನ್ ಎಂಬ ಕೃತಕ ನೂಲಿನ ಬಟ್ಟೆಯ ತುಂಡನ್ನೋ ದನದ ಹೃದಯದ ಹೊರಪೊರೆಯನ್ನೋ ಇಟ್ಟು ಅದನ್ನು ಹೊಲಿದು ಮುಚ್ಚುತ್ತಾರೆ. 1956ರಲ್ಲಿ ಅಮೆರಿಕದ ಡೆಂಟನ್ ಕೂಲಿ ಮೊದಲು ಮಾಡಿದ ಶಸ್ತ್ರಚಿಕಿತ್ಸೆ ಇದು. ಕನ್ನಡದಲ್ಲಿ ಇದನ್ನು ಏನೆನ್ನೋಣ?

‘ಹೃದಯ ದುರಸ್ತಿ’ ನನಗೆ ಒಪ್ಪಿಗೆಯಿಲ್ಲ. ಪಾರಸಿಯಿಂದ ಬಂದ ಈ ಮಾತಿನಲ್ಲಿ ‘ಸರಿಯಾಯಿತು’ ಎಂಬ ಭರವಸೆ ಇದೆ. ಪಂಪ್‌ಸೆಟ್ ದುರಸ್ತಿಯಾಯಿತೆಂದರೆ ಮೊದಲಿನಂತೆ ನೀರೆತ್ತುತ್ತದೆ ಎಂದೇ ನಮ್ಮ ರೈತರು ತಿಳಿಯುತ್ತಾರೆ. ಸತ್ತ ಹೃದಯಸ್ನಾಯು ಮತ್ತೆ ಮಿಡಿಯುವುದಿಲ್ಲ, ಅಲ್ಲಿ ಉಳಿಯುವುದು ಗಾಯದ ಕಲೆ ಮಾತ್ರ. ಮನೆಯವರಿಗೆ ಸುಳ್ಳು ಆಸೆ ಹುಟ್ಟಿಸುವ ಪದ ಬೇಡ.

ನನ್ನ ಒಲವು ‘ತೇಪೆ’ಯ ಕಡೆಗೆ. ಪತ್ರಿಕೆಗಳಲ್ಲಿ ‘ತೇಪೆ ಹಚ್ಚುವುದು’ ಎಂದರೆ ಹುಳುಕು ಮುಚ್ಚುವುದು ಎಂಬ ಹೀನಾರ್ಥವಿದೆ, ನಿಜ. ಆದರೆ ಕೌದಿ ಹೊಲಿಯುವ ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ಆ ಅವಮಾನವಿಲ್ಲ. ಜೀರ್ಣವಾದ ಅಂಚಿಗೆ ಸೂಜಿ ಹಾಕಿದರೆ ಹೊಲಿಗೆ ಕಿತ್ತುಬರುತ್ತದೆ, ಗಟ್ಟಿ ಬಟ್ಟೆ ಸಿಗುವವರೆಗೆ ಹಿಂದೆ ಸರಿಯಬೇಕು ಎಂಬುದು ಅವರಿಗೆ ಗೊತ್ತು. ಶಸ್ತ್ರವೈದ್ಯರ ಕಷ್ಟವೂ ಅದೇ. ಆಘಾತದ ಹೊಸತರಲ್ಲಿ ಸ್ನಾಯು ಮೆತ್ತಗಾಗಿ ಹೊಲಿಗೆಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಕಾದರೆ ಅಂಚು ಗಟ್ಟಿಯಾದೀತು, ಆದರೆ ಕಾಯುವಷ್ಟು ಶಕ್ತಿ ರೋಗಿಯಲ್ಲಿ ಇರಬೇಕಲ್ಲ! ‘ಇವತ್ತೇ ಏಕೆ ಆಪರೇಷನ್ ಮಾಡುತ್ತಿಲ್ಲ?’ ಎಂದು ತಳಮಳಿಸುವ ಮಗನಿಗೆ ‘ತೇಪೆ’ ಎಂಬ ಒಂದೇ ಮಾತಿನಿಂದ ಅರ್ಧ ವಿಷಯ ತಿಳಿಯುತ್ತದೆ.

ಇನ್ನೊಂದು ಪದವೂ ಕಾಡುತ್ತಿದೆ. ಆಘಾತದಿಂದ ಸೋತ ಹೃತ್ಕುಕ್ಷಿಯ ಗೋಡೆ ತಿಂಗಳುಗಳಲ್ಲಿ ಹೊರಕ್ಕೆ ಉಬ್ಬಿದಾಗ, ಫ್ರೆಂಚ್ ವೈದ್ಯ ವಿನ್ಸೆಂಟ್ ಡೋರ್ ರೂಢಿಗೆ ತಂದ ವಿಧಾನದಲ್ಲಿ ಒಳಗಿನಿಂದ ತೇಪೆ ಕೊಟ್ಟು ಹೃತ್ಕುಕ್ಷಿಯನ್ನು ಕಿರಿದುಗೊಳಿಸುತ್ತಾರೆ. ಇದಕ್ಕೆ ‘ಪುನರ್ನಿರ್ಮಾಣ’ ಎಂಬುದು ತೀರಾ ದೊಡ್ಡ ಮಾತು. ಬೈಪಾಸ್ ಜೊತೆಗೆ ಇದನ್ನೂ ಮಾಡಿದರೆ ಸಾವು ಕಡಿಮೆಯಾಗುತ್ತದೆಯೇ ಎಂದು 1000 ರೋಗಿಗಳಲ್ಲಿ ಪರೀಕ್ಷಿಸಿದ ಸ್ಟಿಚ್ ಅಧ್ಯಯನ, ಅಂಥ ಲಾಭ ಕಾಣಲಿಲ್ಲವೆಂದು 2009ರಲ್ಲಿ ವರದಿ ಮಾಡಿತು. ‘ಆಕಾರ ತಿದ್ದುವುದು’ ಎಂದರೆ ಸಾಕೆನಿಸುತ್ತದೆ.

ರಾಯಚೂರು, ಕೊಪ್ಪಳದ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ‘ತೇಪೆ’ ಎಂದರೆ ಹಿರಿಯರಿಗೆ ಮೊದಲು ಹೊಳೆಯುವುದು ಕೌದಿಯೋ, ಹುಳುಕು ಮುಚ್ಚುವ ಕೆಲಸವೋ?