ಇವಾನ್ ಫ್ರಾಂಕೊನ ಕೊನೆಯ ಕಥೆಗಳು: ವಾಸ್ತವವಾದಿಯಲ್ಲಿ ಆಧುನಿಕತೆ ಮೊಳೆತದ್ದು ಹೇಗೆ?

ಪ್ರಶ್ನೆ

ಉಕ್ರೇನಿನ ಲೇಖಕ ಇವಾನ್ ಫ್ರಾಂಕೊನ (1856–1916) ಕಥೆಗಳನ್ನು ಕೆಲವು ತಿಂಗಳುಗಳಿಂದ ಅನುವಾದದಲ್ಲಿ ಓದುತ್ತಿದ್ದೇನೆ. ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಗಲಿಷಿಯಾ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಕಮ್ಮಾರನ ಮಗನಾಗಿ ಹುಟ್ಟಿ, ಬೊರಿಸ್ಲಾವ್‌ನ ಎಣ್ಣೆಬಾವಿಗಳಲ್ಲಿ ದುಡಿಯುವವರ ಬದುಕನ್ನು ಬರೆದು, ವಾಸ್ತವವಾದಿ ಎಂದೇ ಹೆಸರಾದವನು ಅವನು. ಆದರೆ 1905ರ ‘ಜೇ ಹಕ್ಕಿಯ ರೆಕ್ಕೆ’ ಓದಿದಾಗ ಇದು ಅದೇ ಕೈಯ ಬರಹವೇ ಎಂದು ಅನುಮಾನವಾಯಿತು. ಅಲ್ಲಿ ಕೂಲಿಯಿಲ್ಲ, ಬಾವಿಯಿಲ್ಲ, ಮುಷ್ಕರವಿಲ್ಲ. ಹೊಸವರ್ಷದ ಹಿಂದಿನ ರಾತ್ರಿ ಒಂದು ಕೋಣೆ, ಒಬ್ಬ ಏಕಾಂಗಿ, ಅವನ ಕೈಯಲ್ಲೊಂದು ಕಾಗದ, ಅಷ್ಟೇ. ಇದನ್ನು ವಯಸ್ಸಾದ ಲೇಖಕ ಕಾಲದ ಗಾಳಿಗೆ ಒಲಿದ ಲಕ್ಷಣವೆನ್ನಬೇಕೇ, ಅವನ ಕಾಯಿಲೆಯ ಪರಿಣಾಮವೆನ್ನಬೇಕೇ, ಅಥವಾ ಹಳೆಯ ಬರವಣಿಗೆಯಲ್ಲೇ ಇದರ ಬೇರಿದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ಕಾಯಿಲೆಯ ಮಾತನ್ನು ಮೊದಲು ಬದಿಗಿಡೋಣ. ಫ್ರಾಂಕೊನ ಕೈಗಳು ಸ್ವಾಧೀನ ತಪ್ಪಿದ್ದು 1908ರಲ್ಲಿ. ನೀವು ಹೇಳುವ ಕಥೆ ಅದಕ್ಕೆ ಮೂರು ವರ್ಷ ಹಿಂದಿನದು.

ಬೇರಿನ ವಿಷಯಕ್ಕೆ ಬಂದರೆ, 1878ರ ‘ಬೊವಾ ಕನ್‌ಸ್ಟ್ರಿಕ್ಟರ್’ ನೀಳ್ಗತೆಯನ್ನು ಮತ್ತೊಮ್ಮೆ ನೋಡಿ. ಎಣ್ಣೆಯಿಂದ ಶ್ರೀಮಂತನಾದ ಹರ್ಮನ್‌ನ ಮನೆಯ ಗೋಡೆಯ ಮೇಲೆ, ಬೇಟೆಯನ್ನು ಸುತ್ತಿ ಹಿಸುಕುತ್ತಿರುವ ಹೆಬ್ಬಾವಿನ ಚಿತ್ರವಿದೆ. ಕಥೆ ಸಾಗಿದಂತೆ ಆ ಹಾವು ಚೌಕಟ್ಟಿನಿಂದ ಇಳಿದು ಅವನ ಮನಸ್ಸಿಗೇ ಸುತ್ತಿಕೊಳ್ಳುತ್ತದೆ. ಕೂಲಿಯ ಲೆಕ್ಕವನ್ನೂ ಹೊಲದ ಬೆಲೆಯನ್ನೂ ನಿಖರವಾಗಿ ಬರೆಯುತ್ತಿದ್ದ ಇಪ್ಪತ್ತೆರಡರ ತರುಣನೊಬ್ಬ ಆಗಲೇ ಭ್ರಮೆಯನ್ನು ವಾಸ್ತವದ ಭಾಗವೆಂದು ಎಣಿಸಿದ್ದ.

ಮುಂದೆ 1898–99ರಲ್ಲಿ ‘ಕಾವ್ಯಸೃಷ್ಟಿಯ ರಹಸ್ಯಗಳಿಂದ’ ಎಂಬ ದೀರ್ಘ ಪ್ರಬಂಧದಲ್ಲಿ ಅವನು ಜರ್ಮನ್ ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ಡೆಸ್ವಾರ್‌ನ ವಿಚಾರಗಳನ್ನು ಆಧರಿಸಿ, ನಮ್ಮ ಎಚ್ಚರದ ಕೆಳಗೆ ಇನ್ನೊಂದು ‘ಕೆಳಪ್ರಜ್ಞೆ’ಯಿದೆ, ಕವಿಯ ಬಲ ಅಲ್ಲಿಂದಲೇ ಮೇಲೇಳುತ್ತದೆ ಎಂದು ವಾದಿಸಿದ. ಅಂದರೆ ಅವನು ವಿಜ್ಞಾನದ ದಾರಿಯಲ್ಲೇ ನಡೆದು ಅಂತರಂಗಕ್ಕೆ ಬಂದವನು, ದಾರಿ ಬಿಟ್ಟು ಬಂದವನಲ್ಲ. 1904ರ ಇನ್ನೊಂದು ಲೇಖನದಲ್ಲಿ ಹಳಬರಿಗೂ ಉಕ್ರೇನಿನ ಕಥೆಗಾರ ವಾಸಿಲ್ ಸ್ಟೆಫಾನಿಕ್‌ನಂಥ ಹೊಸಬರಿಗೂ ಇರುವ ಅಂತರವನ್ನು ಹೇಳುತ್ತ, ಹೊಸಬರು ಪಾತ್ರದ ಆತ್ಮದೊಳಗೆ ಕುಳಿತು ಅದನ್ನೇ ಮಾಯಾದೀಪವಾಗಿಸಿ ಸುತ್ತಲಿನದನ್ನೆಲ್ಲ ಬೆಳಗುತ್ತಾರೆ ಎಂಬ ಹೋಲಿಕೆ ಕೊಡುತ್ತಾನೆ. ಮರುವರ್ಷವೇ ‘ಜೇ ಹಕ್ಕಿಯ ರೆಕ್ಕೆ’ ಬಂತು. ಅಲ್ಲಿ ದೀಪ ಹಿಡಿದವನು ಅವನೇ.

ಆ ಕಥೆಯ ಕಟ್ಟಡವನ್ನು ಗಮನಿಸಿ: ನಾಯಕ ಕಾಗದದ ಒಂದಿಷ್ಟನ್ನು ಓದುತ್ತಾನೆ, ನಿಲ್ಲಿಸುತ್ತಾನೆ, ಅದರೊಡನೆ ಜಗಳವಾಡುತ್ತಾನೆ, ಇನ್ನು ಓದಲಾರೆ ಎಂದುಕೊಂಡು ಮತ್ತೆ ಕೈಗೆತ್ತಿಕೊಳ್ಳುತ್ತಾನೆ. ವರ್ಷಗಟ್ಟಲೆಯ ಗತಕಾಲವೆಲ್ಲ ಹೀಗೆ ತುಂಡುತುಂಡಾಗಿ ಒಂದೇ ರಾತ್ರಿಯೊಳಗೆ ನುಗ್ಗುತ್ತದೆ. ಯಾರು ಸರಿ ಎಂದು ತೀರ್ಪು ಕೊಡುವ ನಿರೂಪಕ ಇಲ್ಲಿ ಇಲ್ಲವೇ ಇಲ್ಲ.

ಎರಡನೆಯ ಉತ್ತರ

ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೂ ಫ್ರಾಂಕೊನನ್ನು ಆಧುನಿಕತಾವಾದಿಗಳ ಸಾಲಿನಲ್ಲಿ ಕೂರಿಸಲು ಆತುರಪಡಬಾರದು. 1896ರಲ್ಲಿ ‘ಬಾಡಿದ ಎಲೆಗಳು’ ಕವನಸಂಕಲನ ಬಂದಾಗ ವಿಮರ್ಶಕ ವಾಸಿಲ್ ಶ್ಚುರಾತ್ ಅದರಲ್ಲಿ ‘ಡಿಕಡೆಂಟ್’ (ಬದುಕಿಗೆ ಬೇಸತ್ತ ಅವನತಿಪಂಥದ) ಲಕ್ಷಣಗಳನ್ನು ಗುರುತಿಸಿದ. ಫ್ರಾಂಕೊ ಪದ್ಯದಲ್ಲೇ ಉತ್ತರ ಕೊಟ್ಟು, ತಾನು ಮೇಲೇಳುತ್ತಿರುವ ಜನರ ಮಗ, ರೈತ, ಮುನ್ನುಡಿಯೇ ಹೊರತು ಹಿನ್ನುಡಿಯಲ್ಲ ಎಂದು ನೊಂದು ನುಡಿದ. ಆ ನೋವನ್ನು ಹಗುರವಾಗಿ ಕಾಣಲು ನನ್ನಿಂದಾಗದು.

‘ಜೇ ಹಕ್ಕಿಯ ರೆಕ್ಕೆ’ಯ ನಾಯಕ ಲೋಕಕ್ಕೆ ಬೆನ್ನು ತಿರುಗಿಸಿ, ಬದುಕನ್ನೇ ಕಲಾಕೃತಿಯಂತೆ ಅಚ್ಚುಕಟ್ಟಾಗಿ ಜೋಡಿಸಿಕೊಂಡು, ಅದರಲ್ಲೇ ತೃಪ್ತನಾದವನು. ಆ ಕೋಟೆಯನ್ನು ಒಡೆಯುವುದು ಅಡವಿಯ ಅಧಿಕಾರಿಯ ಮಗಳು, ಒಮ್ಮೆ ಅವನನ್ನು ಬಿಟ್ಟುಹೋದ ಮಾನ್ಯಾ, ರಷ್ಯ–ಜಪಾನ್ ಯುದ್ಧದ ದಿನಗಳಲ್ಲಿ ದೂರದ ಪೂರ್ವದಿಂದ ಬರೆದ ಕಾಗದ. ಅವಳು ಪಟ್ಟ ಪಾಡು ಒಂದೊಂದಾಗಿ ತೆರೆದುಕೊಂಡ ಮೇಲೆ ಅವನ ಸೌಂದರ್ಯತತ್ತ್ವ ನಿಲ್ಲುವುದಿಲ್ಲ. ಕೊನೆಗೆ ಬಾಗಿಲ ಗಂಟೆ ಬಾರಿಸಿ ಅವಳೇ ಒಳಗೆ ಬರುತ್ತಾಳೆ. ಹೊಸ ಪಂಥದ ತಂತ್ರವನ್ನೆಲ್ಲ ಬಳಸಿಕೊಂಡ ಕಥೆ ಆ ಪಂಥದ ಒಂಟಿತನದ ಆರಾಧನೆಯನ್ನು ಮಾತ್ರ ಒಪ್ಪಲಿಲ್ಲ. ನಮ್ಮಲ್ಲಿ ‘ನವ್ಯ’ ಎಂದೊಡನೆ ನೆನಪಾಗುವ ಪರಕೀಯಪ್ರಜ್ಞೆಯನ್ನು ಇಲ್ಲಿ ಹುಡುಕಿದರೆ ಕಥೆ ಕೈತಪ್ಪುತ್ತದೆ.

ಮೂರನೆಯ ಉತ್ತರ

ಕಾರ್ಪೇಥಿಯನ್ ಪರ್ವತಗಳಲ್ಲಿ ನೆಲೆಸಿದ ಹುತ್ಸುಲ್ ಜನರ ಬೆಟ್ಟಗಾಡಿನ ಕಥೆಗಳನ್ನು ಯಾರೂ ಎತ್ತಲಿಲ್ಲವಲ್ಲ! ‘ಯೂರಾ ಶಿಕ್ಮಾನ್ಯುಕ್ ಚೆರೆಮೋಶ್ ದಾಟಿದ್ದು’ ಕಥೆಯಲ್ಲಿ ಸಾಹುಕಾರನೊಬ್ಬನನ್ನು ಕೊಲ್ಲಬೇಕೆಂದು ಹೊರಟ ರೈತ ಹೊಳೆ ಹಾಯುತ್ತಿದ್ದರೆ, ಬಿಳಿಯ ದೆವ್ವವೂ ಕರಿಯ ದೆವ್ವವೂ ಅವನ ಆತ್ಮಕ್ಕಾಗಿ ವಾದಿಸುತ್ತವೆ. ‘ಕಾಲಿನ ಮುಳ್ಳು’ ಕಥೆಯಲ್ಲಿ ಸಾಯಲಾರದೆ ಮಲಗಿದ ಮುದಿ ತೆಪ್ಪಗಾರನನ್ನು, ಹಿಂದೊಮ್ಮೆ ನೀರುಪಾಲಾದ ಹುಡುಗನ ನೆನಪು ಬಿಡದೆ ಕಾಡುತ್ತದೆ. ಸಾಲ, ಜಮೀನು, ಹೊಳೆಯ ಸೆಳೆತ ಎಲ್ಲವೂ ಅಲ್ಲಿ ಹಳೆಯ ಫ್ರಾಂಕೊನ ಖಚಿತತೆಯಲ್ಲೇ ಇವೆ. ಆದರೆ ಆ ಹುಡುಗ ಪ್ರೇತವೋ ಪಶ್ಚಾತ್ತಾಪವೋ ಎಂದು ಕಥೆಗಾರ ಬಿಡಿಸಿ ಹೇಳುವುದಿಲ್ಲ. ರೈತನ ನಂಬಿಕೆಯನ್ನು ಅವನ ಮನಸ್ಸಿನ ಭಾಷೆಯಾಗಿಯೇ ಉಳಿಸಿಕೊಳ್ಳುತ್ತಾನೆ.

ಫ್ರಾಂಕೊ ಬೇಸಿಗೆಗಳನ್ನು ಕಳೆಯುತ್ತಿದ್ದ ಕ್ರಿವೊರಿವ್ನ್ಯಾ ಹಳ್ಳಿಗೇ ಮುಂದೆ ಉಕ್ರೇನಿನ ಇನ್ನೊಬ್ಬ ಲೇಖಕ ಮಿಖಾಯ್ಲೊ ಕೊತ್ಸ್ಯುಬಿನ್‌ಸ್ಕಿಯೂ ಬಂದು, ಅಲ್ಲಿನ ಜನರ ನಂಬಿಕೆಗಳಿಂದಲೇ 1911ರಲ್ಲಿ ‘ಮರೆತ ಪೂರ್ವಜರ ನೆರಳುಗಳು’ ಬರೆದ. ಇಬ್ಬರನ್ನೂ ಒಟ್ಟಿಗೆ ಓದಿ. ಕೊತ್ಸ್ಯುಬಿನ್‌ಸ್ಕಿಯಲ್ಲಿ ಬೆಟ್ಟವೇ ಉಸಿರಾಡುತ್ತದೆ. ಫ್ರಾಂಕೊನಲ್ಲಿ ಹೊಳೆಯ ನಡುವೆ ನಿಂತವನಿಗೆ ಆಚೆ ದಡದ ಸಾಲದ ಲೆಕ್ಕ ಮರೆಯುವುದೇ ಇಲ್ಲ.

ಪ್ರಶ್ನೆ ಕೇಳಿದವರ ಮಾತು

ಮೂವರಿಗೂ ಕೃತಜ್ಞ. ಹೆಬ್ಬಾವಿನ ಚಿತ್ರವನ್ನು ನಾನು ಬರಿಯ ರೂಪಕವೆಂದು ದಾಟಿ ಹೋಗಿದ್ದೆ. ಫ್ರಾಂಕೊ ಆ ಕೃತಿಯನ್ನು ಹೊಸ ಶತಮಾನದಲ್ಲಿ ಮತ್ತೆ ತಿದ್ದಿ ಬರೆದನೆಂದು ಓದಿದ್ದೇನೆ. ಈಗ ಎರಡು ಪಾಠಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು, ಗೋಡೆಯ ಆ ಹಾವಿನಿಂದಲೇ ಓದು ಶುರುಮಾಡುತ್ತೇನೆ.