‘ಟರ್ನ್’ ಅಂದರೆ ಯಾವಾಗಲೂ ತಿರುಗುವುದೇನಾ?

ಪ್ರಶ್ನೆ: ಗೆಳೆಯನ ಅನುವಾದವೊಂದನ್ನು ತಿದ್ದುತ್ತಾ ಕೂತಿದ್ದೇನೆ. ‘ಶೀ ಟರ್ನ್ಡ್ ಫಾರ್ಟಿ’ಗೆ ‘ಅವಳು ನಲವತ್ತಕ್ಕೆ ತಿರುಗಿದಳು’ ಎಂದು ಬರೆದಿದ್ದಾನೆ. ಕೆಲಸ ಬೇಡ ಎಂದವನು ‘ಕೆಲಸವನ್ನು ಕೆಳಕ್ಕೆ ತಿರುಗಿಸಿದ’ನಂತೆ! ನಕ್ಕಿದ್ದಾಯಿತು. ಆದರೆ ಎಲ್ಲಿ ತಿರುಗುವುದು, ಎಲ್ಲಿ ಬೇರೆ ಅರ್ಥ ಅಂತ ಗುರುತಿಸುವುದು ಹೇಗೆ?

ಲೇತ್ ಕೆಲಸದವನು: ನಾನು ಇಂಗ್ಲಿಷ್ ಮೇಷ್ಟ್ರಲ್ಲ, ಲೇತ್ ಮೇಲೆ ದುಡಿಯುವವನು. ಆದರೆ ಈ ಪದ ನಮ್ಮದೇ ಸ್ವಾಮಿ. ಅದರ ಬೇರು ಲ್ಯಾಟಿನ್ನಿನ ‘ಟೋರ್ನಾರೆ’. ಅಂದರೆ ಲೇತ್ ಮೇಲೆ ಕಡೆಯುವುದು. ಇವತ್ತಿಗೂ ನಮ್ಮ ಕೆಲಸಕ್ಕೆ ಟರ್ನಿಂಗ್ ಅಂತಲೇ ಹೆಸರು. ಸರಳು ತಿರುಗುತ್ತದೆ, ತಿರುಗುತ್ತಲೇ ಬೇರೆ ಆಕಾರಕ್ಕೆ ಬರುತ್ತದೆ. ಪದಕ್ಕೂ ಈ ಎರಡೂ ಅಂಟಿಕೊಂಡಿವೆ ಅಂತ ನನ್ನ ಲೆಕ್ಕ.

ಹಾಗಾಗಿ ‘ಟರ್ನ್’ ಆದಮೇಲೆ ಏನು ಬರುತ್ತದೆ ನೋಡಿ. ಬಣ್ಣ, ವಯಸ್ಸು, ಸ್ಥಿತಿ ಬಂದರೆ ‘ಆಗು’ ಹಾಕಿ. ‘ಟರ್ನ್ಡ್ ರೆಡ್’ ಕೆಂಪಾಯಿತು. ‘ಟರ್ನ್ಡ್ ಕೋಲ್ಡ್’ ಚಳಿಯಾಯಿತು. ನಿಮ್ಮ ಆಕೆಗೆ ನಲವತ್ತು ತುಂಬಿತು, ಅಷ್ಟೇ. ಹಾಲು ‘ಟರ್ನ್’ ಆಯಿತು ಅಂದರೆ ಹುಳಿಯಾಯಿತು ಅಂತ; ಚೆಲ್ಲಬೇಕು. ಇನ್ನು ಲೈಟ್ ‘ಟರ್ನ್ ಆಫ್’ ಮಾಡುವಾಗ ಈಗ ಯಾರೂ ಏನನ್ನೂ ತಿರುಗಿಸುವುದಿಲ್ಲ, ಗುಂಡಿ ಒತ್ತುತ್ತಾರೆ. ಆದರೂ ನಲ್ಲಿಗೆ ಹೇಳುವ ಮಾತೇ ಅದಕ್ಕೂ ನಡೆಯುತ್ತದೆ.

ವ್ಯಾಕರಣಪ್ರಿಯೆ: ಅಪ್, ಡೌನ್, ಔಟ್ ಜೊತೆ ಬಂದಾಗ ಬಿಡಿಸಿ ಅರ್ಥ ಹುಡುಕಬೇಡಿ. ‘ಟರ್ನ್ ಡೌನ್’ ಬೇಡ ಎನ್ನುವುದು, ಸದ್ದು ತಗ್ಗಿಸುವುದೂ ಹೌದು. ‘ಟರ್ನ್ಡ್ ಅಪ್’ ಅಂದರೆ ಬಂದ, ಅದೂ ಎಷ್ಟೋ ಸಲ ಹೇಳದೆ ಕೇಳದೆ. ‘ಇಟ್ ಟರ್ನ್ಸ್ ಔಟ್’ಗೆ ‘ನೋಡಿದರೆ’ ಸಾಕು. ಇನ್ನೊಂದು: ‘ಟರ್ನ್ ಇಟ್ ಡೌನ್’ ಸರಿ, ‘ಟರ್ನ್ ಡೌನ್ ಇಟ್’ ತಪ್ಪು. ‘ಇಟ್’ ಬಂದರೆ ನಡುವೆಯೇ ಕೂರಬೇಕು.

ಸುಮ್ನೆ ಓದುಗ: ಉಲ್ಟಾ ದಾರಿಯಲ್ಲೂ ಎಡವುವವರು ಜಾಸ್ತಿ. ‘ಊರೆಲ್ಲ ತಿರುಗಿದೆ’ಗೆ ‘ಟರ್ನ್’ ಬರುವುದಿಲ್ಲ, ಅಲ್ವಾ? ಬುಗುರಿಗೆ ‘ಸ್ಪಿನ್’. ಭೂಮಿ ತನ್ನ ಅಕ್ಷದಲ್ಲಿ ತಿರುಗಿದರೆ ‘ರೊಟೇಟ್’, ಸೂರ್ಯನನ್ನು ಸುತ್ತಿದರೆ ‘ರಿವಾಲ್ವ್’.

ಪ್ರಶ್ನೆ ಕೇಳಿದವನು: ಎಲ್ಲರಿಗೂ ಥ್ಯಾಂಕ್ಸ್. ಮುಂದಿನ ಪುಟದಲ್ಲಿ ಇಸ್ಪೀಟ್ ಆಟ ನಡೆಯುತ್ತಿದೆ. ಒಬ್ಬ ಇನ್ನೊಬ್ಬನಿಗೆ ‘ಇದು ನಿನ್ನ ತಿರುವು’ ಅನ್ನುತ್ತಾನೆ.

ಲೇತ್ ಕೆಲಸದವನು: ‘ಈಗ ನಿನ್ನ ಸರದಿ’ ಅಂತ ಬರೆಯಿರಿ. ಆಡುವವರು ಹತ್ತಿರದ ಗೆಳೆಯರಾದರೆ ‘ನಿಂದು ಹಾಕೋ’ ಅಂದರೂ ನಡೆಯುತ್ತದೆ.